ತಪ್ಪಲೆಯ ಮೇಲಿನ ಹೆಬ್ಬೆರಳು

ನಮ್ಮೂರು ಬಾಬುರಾಯನಕೊಪ್ಪಲಿನಲ್ಲಿ ನನಗಿದ್ದ ಹೆಸರು 'ಅಣಕದೋನು'. ಮೈಸೂರು ಬಸ್ಸಿನ ಕಂಡಕ್ಟರು, ಹಾಲಿನ ಡೈರಿಯ ಕಾರ್ಯದರ್ಶಿ, ಹೆತ್ತ ಅಪ್ಪ, ಯಾರ ದನಿಯನ್ನೂ ಬಿಟ್ಟವನಲ್ಲ ನಾನು. ತೊಂಬತ್ತರ ದಶಕದಲ್ಲಿ ಜಿಲ್ಲೆಯ ಪೊಲೀಸ್ ಬೆರಳಗುರುತು ಘಟಕದಲ್ಲಿ ನನಗೆ ಕೆಲಸ ಸಿಕ್ಕಾಗ ಅಪ್ಪ ಹೇಳಿದ್ದಿಷ್ಟು: "ಇಷ್ಟ್ ದಿನ ಜನದ್ ಮಾತು ಕದೀತಿದ್ದೆ, ಈಗ ನೀನು ಕಳ್ಳುನ್ನ ಇಡೀತೀಯಾ? ಸರ್ಕಾರುಕ್ಕೇ ಬುದ್ದಿ ಇಲ್ಲ ಬುಡ್ಲಾ!"

ಕೆಲಸ ಕಲಿಸಿದ ಹಿರಿಯರು ಮೂಗಿನಲ್ಲಿ ಮಾತಾಡುತ್ತಿದ್ದರು. ಮೊದಲ ವಾರವೇ ಅವರ ದನಿಯೂ ನನ್ನ ಗಂಟಲಿಗೆ ಬಂತು. ಅವರು ಪದೇಪದೇ ಹೇಳುತ್ತಿದ್ದದ್ದು ಒಂದೇ ಮಾತು: "ಬೆರಳು ಯಾರದು ಅಂತ ಗುರುತು ಹೇಳುತ್ತೆ. ಮಿಕ್ಕಿದ್ದಕ್ಕೆ ಅದಕ್ಕೆ ಬಾಯಿಲ್ಲ. ನೀನು ಬಾಯಿ ಕೊಡಬೇಡ." ಆ ಮಾತನ್ನು ಅವರ ಮೂಗಿನ ಸಮೇತ ಅಣಕಿಸಿ ನಗಿಸುತ್ತಿದ್ದೆ. ಅದು ನನ್ನ ಕುತ್ತಿಗೆಗೇ ಬರುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಬೂಕನಕೆರೆ ಕಡೆಯ ಒಂದು ಹಳ್ಳಿಯಲ್ಲಿ ಚಿನ್ನದ ಸರ ಕಳುವಾಗಿತ್ತು. ಪಾಂಡವಪುರದಲ್ಲಿ ಬಸ್ಸಿಳಿದು ಕೆ.ಆರ್. ಪೇಟೆ ಸಬ್‌ಇನ್ಸ್‌ಪೆಕ್ಟರ ಜೀಪು ಹತ್ತಿ ಹೋದೆ. ಸಿಗಬೇಕಿದ್ದ ಬೆರಳ ಗುರುತೆಲ್ಲ ತೊಳೆದುಹೋಗಿದೆ ಅಂತ ಬಾಗಿಲಲ್ಲೇ ತಿಳಿಯಿತು. ಹಸಿ ಸಗಣಿಯಲ್ಲಿ ಸಾರಿಸಿದ ಅಂಗಳ, ದೊಡ್ಡ ರಂಗೋಲಿ. ಒಳಗೆ ಹುಣಸೆಹಣ್ಣು ಹಾಕಿ ಉಜ್ಜಿದ ಹಿತ್ತಾಳೆ ಕಣ್ಣು ಕುಕ್ಕುತ್ತಿತ್ತು. ಬೀರುವಿನ ಕನ್ನಡಿಯನ್ನೂ ಒರೆಸಿದ್ದರು.

"ಆಪೀಸರು ಬತ್ತಾವ್ರೆ ಅಂದ್ರು ಸಾ. ಮನೆ ಅಂಗೇ ಬುಟ್ರೆ ಏನಂದ್ಕತ್ತೀರಾ ಅಂತ ಎಲ್ಲಾನೂ ತೊಳ್ದೆ," ಅಂದಳು ಮನೆಯೊಡತಿ, ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತ. ಅವಳನ್ನು ಬೈಯುವುದು ಹೇಗೆ? ಮನೆಗೆ ಬರುವವರಿಗೆ ನಮ್ಮ ಸೀಮೆಯ ಮರ್ಯಾದೆಯೇ ಅದು. ನಮ್ಮವ್ವನಾಗಿದ್ದರೆ ಸುಣ್ಣವನ್ನೂ ಬಳಿದಿರುತ್ತಿದ್ದಳು.

ಅವಳು ಮುಟ್ಟದೆ ಬಿಟ್ಟಿದ್ದು ಅಟ್ಟದ ಮೇಲಿನ ಒಂದು ತಪ್ಪಲೆಯನ್ನು ಮಾತ್ರ. ಸರ ಇಟ್ಟಿದ್ದು ಅದರೊಳಗೇ. "ಅದ್ನ ನೋಡುದ್ರೇ ಅಳು ಬತ್ತದೆ. ಕಲಾಯಿ ಆಕ್ಸುದ್ ಮ್ಯಾಲೆ ಸರ ಅದ್ರಾಗಿಕ್ಕಿ ಅಟ್ಟಕ್ಕೆ ಆಕ್ದೆ ಸಾ." ತಪ್ಪಲೆಯ ಹೊರಮೈಗೆ ಇದ್ದಿಲ ಮಸಿ ಮೆತ್ತಿತ್ತು. ಮಸಿಯ ನಡುವೆ ಒಂದು ಹೆಬ್ಬೆರಳ ಗುರುತು, ಪಾಠ ಹೇಳಲು ಇಟ್ಟಂತೆ ಸ್ಪಷ್ಟವಾಗಿ.

ಕೆ.ಆರ್. ಪೇಟೆ ಠಾಣೆಯ ಜಗಲಿಯಲ್ಲಿ ಒಬ್ಬನನ್ನು ಆಗಲೇ ತಂದು ಕೂರಿಸಿದ್ದರು. ನಾಗಮಂಗಲದವನು, ಸೈಕಲ್ಲಿಗೆ ತಿದಿ ಕಟ್ಟಿಕೊಂಡು ಊರೂರು ಸುತ್ತಿ ಪಾತ್ರೆಗೆ ಕಲಾಯಿ ಹಾಕುವವನು. ಊರಿಗೆ ಬಂದ ಹೊರಗಿನವನು ಅವನೊಬ್ಬನೇ ಅಂತ ಹಿಡಿದಿದ್ದರು. ಬೆಂಕಿಗೆ ಬೆಂದು ಗಡುಸಾಗಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಮಸಿಯಲ್ಲಿ ಉರುಳಿಸಿ ಕಾಗದಕ್ಕೆ ಒತ್ತಿದೆ.

"ಸಾಬ್, ನನ್ ಬೆಳ್ಳು ಆ ತಪ್ಪಲೆ ಮೇಲೆ ಇದ್ದೇ ಇರ್ತದೆ. ಕಲಾಯಿ ಹಾಕಿದ್ದು ನಾನೇ ತಾನೆ? ಅಲ್ಲಾ ಕಸಂ, ಅಟ್ಟ ಹತ್ತಿಲ್ಲ."

ಭೂತಗನ್ನಡಿಯಲ್ಲಿ ನೋಡಿದೆ. ಗೆರೆಗೆ ಗೆರೆ ಕೂಡಿತು. ಅವನದೇ.

ಸಬ್‌ಇನ್ಸ್‌ಪೆಕ್ಟರು ತೊಡೆ ತಟ್ಟಿದರು. ತುಂಬಿದ ಕೊಡ ಮಗುಚಿದಂತೆ ನಗುವ ಮನುಷ್ಯ. ಆ ನಗೆಯನ್ನು ನಾನು ಜೀಪಿನಲ್ಲೇ ಕಲಿತಿದ್ದೆ. "ಶಭಾಷ್! ಹೊಂದಿಕೆ ಆಗಿದೆ ಅಂತ ಒಂದ್ ಲೈನು ಬರ್ಕೊಡಪ್ಪಾ. ಸಂಜೆಗೆ ಕೋರ್ಟಿಗೆ ಒಪ್ಪಿಸಿ ಜೈಲಿಗೆ ಕಳಿಸ್ಬುಡ್ತೀನಿ."

"ಸಾರ್, ಈ ಗುರುತು ಯಾವಾಗ ಬಿದ್ದದ್ದು ಅಂತ..."

"ಯಾವಾಗ ಅಂತ ನಿನ್ನ ಕೇಳಿದ್ನಾ? ಯಾರ್ದು ಅಂತ ಕೇಳ್ದೆ."

ನಿಜವೇ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರೆ ಒಂದಕ್ಷರವೂ ಸುಳ್ಳಲ್ಲ. ಆದರೆ ಆ ಒಂದು ಸಾಲಿನ ಮೇಲೆ ಜಗಲಿಯಲ್ಲಿದ್ದವನು ಜೈಲಿಗೆ ಹೋಗುತ್ತಿದ್ದ. ಕಿಟಕಿಯಾಚೆಯಿಂದ ಅವನು ಪಿಸುಗುಟ್ಟಿದ: "ಸಾಬ್, ಇವ್ನು ಕದ್ದಿಲ್ಲ ಅಂತ ಬರೀರಿ ಸಾಬ್."

ಬರೆದುಬಿಡಲು ಕೈ ತುಡಿಯಿತು. ಮಸಿಯಲ್ಲಿ ಬಿದ್ದ ಗುರುತು, ಕಲಾಯಿ ಒಲೆಯ ಮುಂದೆಯೇ ಬಿದ್ದದ್ದು ಅಂತ ಮನಸ್ಸು ಕೂಗುತ್ತಿತ್ತು. ಆದರೆ ತಪ್ಪಲೆ ಅಟ್ಟಕ್ಕೇರಿದ ಮೇಲೂ ಮಸಿ ಅಲ್ಲೇ ಇತ್ತಲ್ಲ, ಕದಿಯುವಾಗ ಮುಟ್ಟಿದ್ದರೂ ಹೀಗೇ ಬೀಳುತ್ತಿತ್ತಲ್ಲ? ಕತ್ತೆ, ಎಮ್ಮೆ, ತಹಶೀಲ್ದಾರ್, ಎಲ್ಲರಿಗೂ ದನಿ ಕೊಟ್ಟ ನಾನು ಈ ಹೆಬ್ಬೆರಳಿಗೆ ಕೊಡುವಂತಿರಲಿಲ್ಲ. ಸಬ್‌ಇನ್ಸ್‌ಪೆಕ್ಟರ ದನಿಯನ್ನೂ ಇಲ್ಲ, ಕಲಾಯಿಯವನ ದನಿಯನ್ನೂ ಇಲ್ಲ.

ಬರೆದೆ: ಗುರುತು ಈತನ ಬಲ ಹೆಬ್ಬೆರಳಿನದು. ಬಿದ್ದ ಕಾಲ ಹೇಳಲಾಗದು. ಸರ ಇಡುವ ಮುಂಚೆ ಈತನೇ ಪಾತ್ರೆಗೆ ಕಲಾಯಿ ಹಾಕಿದ್ದನೆಂದು ಮನೆಯವರು ತಿಳಿಸಿದ್ದಾರೆ. ಆ ಕೆಲಸದಲ್ಲೂ ಬಿದ್ದಿರಬಹುದು.

ಸಬ್‌ಇನ್ಸ್‌ಪೆಕ್ಟರು ಓದಿದರು. ನಗೆ ಕೊಡದೊಳಕ್ಕೇ ವಾಪಸು ಹೋಯಿತು. "ಏನಯ್ಯಾ ಇದು, ಎತ್ತಿಗೂ ಸೈ, ಕೋಣುಕ್ಕೂ ಸೈ?"

"ಅಷ್ಟೇ ಗೊತ್ತಿರೋದು ಸಾರ್," ಅಂದೆ. ದನಿ ಕೀಚಲಾಗಿತ್ತು. ಅದನ್ನು ಯಾರಾದರೂ ಅಣಕಿಸಿದ್ದರೆ ಊರೆಲ್ಲ ನಗುತ್ತಿತ್ತು.

"ಇದ್ನ ಇಟ್ಕಂಡ್ ಕೋರ್ಟಿಗೋದ್ರೆ ನನ್ ಮಕಕ್ಕೇ ಉಗೀತಾರೆ." ಹಾಳೆಯನ್ನು ಫೈಲಿಗೆ ತುರುಕಿ ಜಗಲಿಯ ಕಡೆ ಕೂಗಿದರು: "ಓಗ್ಲಾ. ಕರೆದಾಗ ಬರಬೇಕು."

ಸೈಕಲ್ ತಳ್ಳುತ್ತ ಅವನು ಗೇಟಿನ ಬಳಿ ನಿಂತ. 'ಕದ್ದಿಲ್ಲ' ಅಂತ ನಾನು ಬರೆದಿಲ್ಲ ಎಂಬುದು ಅವನಿಗೆ ಗೊತ್ತಾಗಿತ್ತು. ಕೃತಜ್ಞತೆಯೇನೂ ಕಾಣಲಿಲ್ಲ. ಮಸಿ ಹತ್ತಿದ ಬೆರಳನ್ನು ಪ್ಯಾಂಟಿಗೆ ಉಜ್ಜುತ್ತ ಕೇಳಿದ: "ಆ ಊರಲ್ಲಿ ಇನ್ನು ನನ್ ಕೈಗೆ ಪಾತ್ರೆ ಕೊಡ್ತಾರಾ ಸಾಬ್?"

ನನಗೆ ಅದೂ ಗೊತ್ತಿರಲಿಲ್ಲ. ಅವನೇ ಕದ್ದಿದ್ದರೆ ಎಂಬ ಭಯ ಶ್ರೀರಂಗಪಟ್ಟಣದವರೆಗೂ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಬಂತು.

ಮನೆಯಲ್ಲಿ ಅಪ್ಪ ಕಾದಿದ್ದರು. "ಏನ್ಲಾ, ಕಳ್ಳ ಸಿಕ್ನಾ? ಆ ಇನ್‌ಸ್ಪೆಟ್ರು ಎಂಗೆ ಮಾತಾಡ್ತಾನೆ, ಮಾಡ್ತೋರ್ಸು."

"ಕಳ್ಳ ಸಿಕ್ನೋ ಇಲ್ವೋ ಏಳಂಗಿಲ್ಲ ಕಣಪ್ಪ."

"ನೀನು? ಏಳಂಗಿಲ್ವಾ?"

ಅಪ್ಪ ಎದ್ದು ಬಂದು, ಜ್ವರವೇನಾದರೂ ಬಂದಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದರು.