ನಕಾಶೆಯ ಮಡಿ

ಜೋಶಿ ಮೇಡಂ ನಮ್ಮ ನಕಾಶೆಗಳನ್ನು ನೋಡಿದ ಮೇಲೆ ಕೈ ತೊಳೆಯುತ್ತಿದ್ದರು. ಎಲ್ಲ ನಕಾಶೆಗಳಿಗೂ ಅಲ್ಲ, ಕೆಟ್ಟವಕ್ಕೆ ಮಾತ್ರ. ಹಾಳೆಯ ಮೂಲೆಯನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿ, ಮೂಗು ಮುರಿದು, ಮೇಜಿನ ಆಚೆ ತುದಿಗೆ ಸರಿಸಿ, ವರಾಂಡದ ನಳದ ಕಡೆಗೆ ನಡೆಯುತ್ತಿದ್ದರು. ಬೈಲಹೊಂಗಲದ ನಮ್ಮ ಕಾಲೇಜಿನ ಆ ನಳದಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬರದ ದಿನ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂತು, "ಯಾರದಿದು ಹೊಲಸು?" ಎಂದು ಕೇಳುತ್ತಿದ್ದರು. ಹೊಲಸಿನ ಒಡೆಯ ಎದ್ದು ನಿಲ್ಲಬೇಕು. ನಾನು ಎಷ್ಟೋ ಸಲ ಎದ್ದು ನಿಂತಿದ್ದೇನೆ.

ಅವರು ಎಂ.ಎ. ತರಗತಿಗೆ ಭೌಗೋಳಿಕ ಮಾಹಿತಿ ವಿಜ್ಞಾನ ಕಲಿಸುತ್ತಿದ್ದರು. ಊರ ಮಂದಿಯ ಬಾಯಲ್ಲಿ ಅದು ಜಿ.ಐ.ಎಸ್., ಅಂದರೆ ಕಂಪ್ಯೂಟರಿನಲ್ಲಿ ನಕಾಶೆ ಮಾಡುವ ವಿದ್ಯೆ. ನಾವೂ ಹಾಗೆಂದುಕೊಂಡೇ ಸೇರಿದ್ದೆವು. ಮೇಡಂ ಮೊದಲ ದಿನವೇ ಕಂಪ್ಯೂಟರ್ ಕೋಣೆಗೆ ಬೀಗ ಹಾಕಿಸಿದರು.

"ಗುಂಡಿ ಒತ್ತೂದು ಯಾರರ ಕಲಸ್ತಾರ. ನಾ ಕಲಸೂದು ಬ್ಯಾರೆ ಅದ. ನೆಲದ ಮ್ಯಾಲಿದ್ದದ್ದು ಹಾಳಿ ಮ್ಯಾಲೆ ಬರೂದ್ರಾಗ ಎಷ್ಟು ಸುಳ್ಳು ಕೂಡತದ, ಅದನ್ನ ಕಲಸ್ತೇನಿ," ಎಂದರು.

ನಕಾಶೆಯ ಮೇಲೆ ಒಂದು ಚುಕ್ಕೆ ಇಡಬೇಕಾದರೆ ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು: ಅದು ಏನು, ಎಲ್ಲಿದೆ, ಯಾವಾಗ ಇತ್ತು, ಯಾರು ನೋಡಿದರು. ಈ ವಿಜ್ಞಾನದ ಬುನಾದಿಯೆಲ್ಲ ಇಷ್ಟರಲ್ಲೇ ಇದೆ, ಉಳಿದದ್ದು ಬಣ್ಣ ಬಳಿಯುವ ಕೆಲಸ ಎನ್ನುತ್ತಿದ್ದರು. ಎರಡು ಪ್ರಶ್ನೆಗೆ ನಾವು ಹೇಗೋ ಉತ್ತರ ಹೇಳುತ್ತಿದ್ದೆವು. ಯಾವಾಗ, ಯಾರು ಎನ್ನುವಲ್ಲಿ ಬಾಯಿ ಕಟ್ಟುತ್ತಿತ್ತು. ಇಂಟರ್ನೆಟ್ಟಿನಲ್ಲಿ ಸಿಕ್ಕಿತು ಎಂದು ಯಾರಾದರೂ ಅಂದುಬಿಟ್ಟರೆ ಅವನ ಕಥೆ ಮುಗಿಯಿತು. "ಇನ್ನೊಬ್ಬರು ಉಂಡೆದ್ದ ಎಲಿ ಮ್ಯಾಲೆ ಬಡಿಸ್ಕೊಂಡು ಉಣ್ಣತೀಯೇನೋ? ವಾಕರಿಕಿ ಬರೂದಿಲ್ಲ ನಿನಗ?"

ಅವರ ಮನೆತನ ಪಂಚಾಂಗ ಬರೆಯುವವರದು. ಅಜ್ಜನ ಕಾಲದ ಕಟ್ಟಾ ಮಡಿ-ಮೈಲಿಗೆಯಲ್ಲಿ ಬೆಳೆದು, ದೊಡ್ಡವರಾದ ಮೇಲೆ ಅದನ್ನೆಲ್ಲ ಕಿತ್ತೆಸೆದಿದ್ದರು. ಸಿರಸಂಗಿಯ ನಮ್ಮ ಮನೆಗೆ ಬಂದಾಗ ನಮ್ಮವ್ವ ಏನು ಕೊಡಬೇಕೋ ತಿಳಿಯದೆ ಬಾಳೆಹಣ್ಣು ಮುಂದಿಟ್ಟು ನಿಂತಿದ್ದಳು. ಮೇಡಂ ಸೀದಾ ಅಡುಗೆಮನೆಗೆ ನಡೆದು, "ಹಣ್ಣು ತಿಂದು ಹೋಗ್ಲಿಕ್ಕೆ ನಾ ಏನು ದೇವರೇನ್ರಿ? ರೊಟ್ಟಿ ಹಚ್ಚಿಕೊಡ್ರಿ," ಎಂದು ಒಲೆಯ ಮುಂದೆಯೇ ಕೂತರು. ಮನುಷ್ಯರ ಜೊತೆ ಬಿಟ್ಟ ಮಡಿಯನ್ನೆಲ್ಲ ಅವರು ನಕಾಶೆಗೆ ಇಟ್ಟುಕೊಂಡಿದ್ದರು. ಪರೀಕ್ಷಿಸದ ಮಾಹಿತಿ ಎಂಜಲು, ಯಾರೂ ಹೋಗಿ ನೋಡದ ಊರಿನ ನಕಾಶೆ ಮುಸುರೆ. ಗೆರೆಗಳೆಲ್ಲ ನೀಟಾಗಿದ್ದು, ಬಣ್ಣಗಳು ಹೊಳೆಯುತ್ತಿದ್ದರೆ ಅವರಿಗೆ ಇನ್ನಷ್ಟು ಅನುಮಾನ. "ಇಷ್ಟು ಸ್ವಚ್ಛ ಅದ ಅಂದ್ರ ಏನೋ ಹೊಲಸು ಮುಚ್ಚಿಟ್ಟಾರ," ಎಂದು ಹಾಳೆಯನ್ನು ಬೆಳಕಿಗೆ ಹಿಡಿಯುತ್ತಿದ್ದರು.

ಈ ಸ್ವಭಾವಕ್ಕೆ ಅವರು ತೆತ್ತ ದಂಡ ಸಣ್ಣದಲ್ಲ. ಪಿಎಚ್.ಡಿ.ಗೆ ಅವರು ಆರಿಸಿಕೊಂಡಿದ್ದು ನಮ್ಮ ಕಡೆಯ ಮಣ್ಣನ್ನು. ಸವದತ್ತಿ ಗುಡ್ಡದ ಬುಡದ ಕೆಂಪು ಮಸಾರಿ ಎಲ್ಲಿ ಮುಗಿಯುತ್ತದೆ, ಕೆಳಗಿನ ಕಪ್ಪು ಎರಿ ಎಲ್ಲಿ ಶುರುವಾಗುತ್ತದೆ ಎಂಬುದನ್ನು ನಕಾಶೆಯಲ್ಲಿ ತೋರಿಸಬೇಕಿತ್ತು. ಹೊಲದಿಂದ ಹೊಲಕ್ಕೆ ನಡೆದು, ಮಣ್ಣು ಹಿಡಿದು ನೋಡಿ, ಅವರು ಒಂದು ಅಗಲವಾದ ಮಸುಕು ಪಟ್ಟಿ ಬರೆದುಕೊಂಡು ಬಂದರು. ಮಾರ್ಗದರ್ಶಕರು ಗೆರೆ ಎಳೆದುಕೊಂಡು ಬಾ ಎಂದು ವಾಪಸು ಕಳಿಸಿದರು. ಇವರು ಮತ್ತೆ ಪಟ್ಟಿಯನ್ನೇ ಒಯ್ದರು. ಪ್ರಬಂಧ ವರ್ಷಗಟ್ಟಲೆ ಆ ಮನುಷ್ಯನ ಕಪಾಟಿನಲ್ಲಿ ಕೊಳೆಯಿತು.

"ಅವರಿಗೆ ಗೆರಿ ಬೇಕಾಗಿತ್ತು. ನೆಲದ ಮ್ಯಾಲೆ ಗೆರಿ ಇರಲಿಲ್ಲ. ನಾ ಏನು ಮಾಡ್ಲಿ?" ಎಂದು ಮೇಡಂ ಕೈ ಒದರುತ್ತಿದ್ದರು. "ಪೆನ್ಸಿಲ್ ಗೆರಿಗೂ ಅಗಲ ಅಂತ ಒಂದು ಇರತದೋ. ನೀ ಎಳದ ಗೆರಿ ಅಡಿಗೆ ಒಬ್ಬನ ಹೊಲಾನ ಮುಚ್ಚಿ ಹೋಗಿರತದ. ಆ ಹೊಲದಾಂವ ಎಲ್ಲಿ ಹೋಗಬೇಕು, ಹೇಳು?"

ಕಿತ್ತೂರಿನಲ್ಲಿ ಒಂದು ವಿಚಾರ ಸಂಕಿರಣ ನಡೆದಾಗ ನಾನೂ ಅವರ ಜೊತೆ ಹೋಗಿದ್ದೆ. ಸೂಟು ತೊಟ್ಟ ಪ್ರಾಧ್ಯಾಪಕರೊಬ್ಬರು ರಾಮದುರ್ಗ ತಾಲೂಕಿನ ಕುಡಿಯುವ ನೀರಿನ ಬಾವಿಗಳ ನಕಾಶೆಯನ್ನು ಪರದೆಯ ಮೇಲೆ ತೋರಿಸಿದರು. ನೀಲಿ ಚುಕ್ಕೆಗಳು ಬಹಳ ಚಂದ ಕಾಣುತ್ತಿದ್ದವು. ಮೇಡಂ ಎದ್ದು ನಿಂತರು.

"ಈ ಬಾವಿಗೋಳನ್ನ ನೋಡಿದವರು ಯಾರ್ರಿ?"

"ಹಿಂದಿನ ಒಂದು ನಕಾಶೆಯಿಂದ ತಗೊಂಡಿದ್ದು, ಮೇಡಂ."

"ಅದನ್ನ ಮಾಡಿದವರು ನೋಡಿದ್ರೇನು?"

"ಅವರು ಅದಕ್ಕೂ ಹಿಂದಿನದರಿಂದ ತಗೊಂಡಿರಬೇಕು."

"ಹಂಗಾರ ಈ ಬಾವಿ ನೀರು ಇನ್ನೂ ಯಾರೂ ಕುಡದಿಲ್ಲ ಅನ್ರಿ."

ಸಭೆಯೆಲ್ಲ ನಕ್ಕಿತು. ಮೇಡಂ ನಗಲಿಲ್ಲ. ಅವರ ಮುಖದಲ್ಲಿದ್ದದ್ದು ಶುದ್ಧ ಹೇಸಿಕೆ. ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಬಸ್‌ಸ್ಟ್ಯಾಂಡಿಗೆ ನಡೆದರು. ಅಲ್ಲಿಯ ಹೋಳಿಗೆಯ ಆಸೆಗೇ ಅಷ್ಟು ಹೊತ್ತು ಕೂತಿದ್ದ ನಾನು ಹೊಟ್ಟೆ ಉರಿದುಕೊಳ್ಳುತ್ತ ಅವರ ಹಿಂದೆ ಹೋದೆ. ಆ ಪ್ರಾಧ್ಯಾಪಕರಿಗೆ ಸಂಜೆ ಶಾಲು ಹೊದಿಸಿದರೆಂದು ಮರುದಿನ ತಿಳಿಯಿತು.

ಇಷ್ಟು ಜಿಗುಟು ಹೆಂಗಸಿಗೆ ಸುತ್ತಲಿನ ತಾಲೂಕುಗಳಲ್ಲಿ ಒಂದು ಹೆಸರು ಬಂದಿತ್ತು. ಜೋಶಿ ಮೇಡಂ ನೋಡಿದ್ದಾರೆ ಎಂದರೆ ಆ ನಕಾಶೆಗೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಅವರು ನಿವೃತ್ತರಾಗಿ, ನಾನು ನೇಸರಗಿಯ ಹೈಸ್ಕೂಲಿನಲ್ಲಿ ಮಾಸ್ತರಿಕೆಗೆ ಸೇರಿದ ಮೇಲೂ ಆ ಹೆಸರು ಹಾಗೆಯೇ ಉಳಿದಿತ್ತು. ಅದರ ವಾಸನೆ ಹಿಡಿದೇ ನಕಾಶೆ ಮಾಡುವ ಏಜೆನ್ಸಿಯೊಂದರವರು ಬಂದರು.

ನಮ್ಮ ಸಿರಸಂಗಿಯ ಸೀಮೆಯಲ್ಲಿ ಸೋಲಾರ್ ಫಲಕ ಹಾಕುವ ಯೋಜನೆಯೊಂದು ಬಂದಿತ್ತು. ಬೆಳೆ ಬರುವ ನೆಲವನ್ನು ಮುಟ್ಟಬಾರದು, ಪಾಳು ನೆಲವನ್ನು ಮಾತ್ರ ತೆಗೆದುಕೊಳ್ಳಬೇಕು ಎಂಬ ನಿಯಮವಿತ್ತು. ಯಾವುದು ಬೆಳೆ, ಯಾವುದು ಪಾಳು ಎಂದು ಉಪಗ್ರಹದ ಚಿತ್ರ ನೋಡಿ ನಕಾಶೆ ಮಾಡುವ ಕೆಲಸ ಈ ಏಜೆನ್ಸಿಯದು. ಊರ ಪೂರ್ವದ ಎರಿ ಹೊಲಗಳನ್ನೆಲ್ಲ ಅದು ಪಾಳು ಎಂದು ಬರೆದಿತ್ತು. ಅದರಲ್ಲಿ ನಮ್ಮ ಕಾಕಾನ ಹೊಲವೂ ಇತ್ತು. ಸ್ಥಳೀಯ ತಜ್ಞರೊಬ್ಬರು ನೆಲಕ್ಕೆ ಹೋಗಿ ನೋಡಬೇಕು ಎಂಬ ಷರತ್ತು ಇದ್ದುದರಿಂದ ಮೇಡಂಗೆ ಕಾರು ಕಳಿಸಿದರು. ಎಳ್ಳಮಾವಾಸ್ಯೆ ಮುಗಿದ ಹೊಸತು. ಮೇಡಂ ನನ್ನನ್ನೂ ಕರೆದುಕೊಂಡು ಹೋದರು.

ಕಾಕಾನ ಹೊಲದ ನಡುವೆ, ನಕಾಶೆಯನ್ನು ಬಿಚ್ಚಿ ಹಿಡಿದು ನಿಂತ ಅವರನ್ನು ನಾನು ಮರೆಯಲಾರೆ. ತೆನೆ ಕಟ್ಟಿದ ಜೋಳ ಅವರ ಎದೆಯ ಮಟ್ಟ ಬಂದಿತ್ತು.

"ನಾ ಈಗ ಪಾಳು ಭೂಮ್ಯಾಗ ನಿಂತೇನಿ. ಪಾಳು ಭೂಮಿ ಜ್ವಾಳ ನನ್ನ ಎದಿಗೆ ಬಡಿಲಿಕ್ಕತ್ತದ," ಎಂದರು. ಏಜೆನ್ಸಿಯ ಹುಡುಗ ಹಲ್ಲು ಕಿಸಿದ. ಇಸ್ತ್ರಿ ಮಾಡಿದ ಅಂಗಿ, ಬಹಳ ವಿನಯ.

"ಈ ಚಿತ್ರ ಯಾವ ತಿಂಗಳದ್ದು?"

"ಆಗಸ್ಟ್‌ದು ಮೇಡಂ. ಮೋಡ ಇಲ್ಲದ ಒಂದೇ ಒಂದು ದಿನ ಸಿಕ್ಕಿತ್ತು. ಮಳೆಗಾಲದಲ್ಲೂ ಹಸಿರು ಕಾಣಲಿಲ್ಲ, ಅದಕ್ಕೆ ಪಾಳು ಅಂತ ಬಂದಿದೆ."

ಬದುವಿನ ಮೇಲೆ ನಿಂತಿದ್ದ ಕಾಕಾ ತಡೆಯಲಾರದೆ ಬಾಯಿ ಹಾಕಿದ. "ಹಿಂಗಾರಿ ಎರಿ ಐತ್ರಿ ಇದು. ಮುಂಗಾರ್ಯಾಗ ಹರಗಿ, ಹದ ಮಾಡಿ ಬಿಟ್ಟಿರತೇವ್ರಿ. ಬಿತ್ತೂದು ಆಮ್ಯಾಲೆ."

"ಇದು ನಿನಗ ಗೊತ್ತಿರಲಿಲ್ಲೇನು?" ಎಂದು ಮೇಡಂ ಹುಡುಗನನ್ನು ಕೇಳಿದರು. ಅವನು ಫೋನಿನಲ್ಲಿ ಅವರ ಫೋಟೋ ತೆಗೆಯುತ್ತಿದ್ದ. ಮೇಡಂ ಅಲ್ಲಿಯೇ, ಕಾರಿನ ಮೇಲೆ ಹಾಳೆ ಇಟ್ಟು, ಈ ನಕಾಶೆ ತಪ್ಪು, ಹಿಂಗಾರು ತಿಂಗಳುಗಳ ಚಿತ್ರ ತಂದು ಮತ್ತೆ ಮಾಡಬೇಕು ಎಂದು ಬರೆದು ಅವನ ಕೈಗೆ ಕೊಟ್ಟರು. ಅವನು ಎರಡೂ ಕೈ ಚಾಚಿ ತೆಗೆದುಕೊಂಡು, ಬಗ್ಗಿ ಅವರ ಕಾಲು ಮುಟ್ಟಿದ. ಈಗ ಅದನ್ನು ನೆನೆದರೆ ನನ್ನ ಮೈ ಮೇಲೆ ಜಿರಳೆ ಹರಿದಂತಾಗುತ್ತದೆ.

ಮುಂದಿನ ಮಳೆಗಾಲದಲ್ಲಿ ನಕಾಶೆ ಅಚ್ಚಾಗಿ ಪಂಚಾಯ್ತಿಯ ಗೋಡೆಗೆ ಬಂತು. ಎರಿ ಹೊಲಗಳು ಪಾಳಾಗಿಯೇ ಉಳಿದಿದ್ದವು. ಕೆಳಗೆ 'ಕ್ಷೇತ್ರ ಪರಿಶೀಲನೆ' ಎಂದು ಬರೆದು ಮೇಡಂ ಹೆಸರು, ಪಕ್ಕದಲ್ಲಿ ಅವರ ಫೋಟೋ. ಕೈಯಲ್ಲಿ ನಕಾಶೆ, ತಲೆಯ ಹಿಂದೆ ಆಕಾಶ. ಜೋಳ ಕಾಣದ ಹಾಗೆ ಕತ್ತರಿಸಿದ್ದರು.

ಅದರ ಪ್ರತಿಯೊಂದನ್ನು ಹಿಡಿದು ಬೈಲಹೊಂಗಲಕ್ಕೆ ಹೋದೆ. ಅದೇ ನಮ್ಮ ಕೊನೆಯ ಭೇಟಿ. ಹೃದಯ ಸೋತು, ಕಾಲು ಬಾತು, ಮೇಡಂ ಹಾಸಿಗೆ ಹಿಡಿದಿದ್ದರು. ನಕಾಶೆಯನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ನಾ ಅಲ್ಲಿಗೆ ಹೋಗಿದ್ದು ಖರೇ. ನೋಡಿದ್ದೂ ಖರೇ. ಫೋಟೋದಾಗ ಇದ್ದಾಕಿ ನಾನೇ," ಎಂದರು ಮೆಲ್ಲಗೆ. "ಎಷ್ಟು ಶಾಣ್ಯಾ ಇದ್ದಾರ ನೋಡೋ. ನನ್ನ ಬಗ್ಗೆ ಒಂದು ಸುಳ್ಳು ಅಕ್ಷರ ಬರದಿಲ್ಲ."

ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹೇಳಿದರು. "ಈ ಹೆಸರು ಗಳಸಲಿಕ್ಕೆ ಮಂದಿ ಮಕ್ಕಳನ್ನ ಎಷ್ಟು ಅಳಸೇನಿ ನಾನು. ಕಡೀಕ ಇದಕ್ಕ ಉಪಯೋಗ ಆತು."

ನನಗೆ ಕಣ್ಣು ತುಂಬಿ ಬಂತು. ಅವರು ಅದನ್ನು ನೋಡಿ, "ಅಳೂದು ಆಮ್ಯಾಲೆ. ಕಾಗದ ತಗೊ, ಬರಿ," ಎಂದರು. ಒಂದೊಂದೇ ಮಾತಿಗೆ ಉಸಿರು ತೆಗೆದುಕೊಳ್ಳುತ್ತ ತಕರಾರು ಅರ್ಜಿ ಹೇಳಿ ಬರೆಸಿ, ನಡುಗುವ ಕೈಯಲ್ಲಿ ಸಹಿ ಹಾಕಿದರು. ಅರ್ಜಿಯ ವಿಚಾರಣೆ ಬರುವ ಮೊದಲೇ ಅವರು ತೀರಿಕೊಂಡರು.

ವಿಚಾರಣೆ ಸವದತ್ತಿಯಲ್ಲಿ ನಡೆಯಿತು. ನಾನು, ಕಾಕಾ, ಊರ ಒಂದಿಷ್ಟು ಮಂದಿ ಹೋಗಿದ್ದೆವು. ಅಧಿಕಾರಿ ನಮ್ಮ ಕಾಲೇಜಿನವನೇ, ನನಗಿಂತ ಹಿರಿಯ. ನಮ್ಮನ್ನು ಕೂಡಿಸಿ ಚಹಾ ತರಿಸಿದ. ಅರ್ಜಿ ಓದಿ, ಆ ನಡುಗಿದ ಸಹಿಯನ್ನು ನೋಡಿ ನಿಟ್ಟುಸಿರು ಬಿಟ್ಟ.

"ಪಾಪ, ಮೇಡಂ ಕಡೀ ದಿನದಾಗ ಬರಿಸ್ಯಾರ. ಔಷಧದ ಗುಂಗಿನ್ಯಾಗ ಇದ್ರು ಅಂತ ಕೇಳೇನಿ. ಗಟ್ಟಿ ಇದ್ದಾಗ ಸ್ವತಃ ಬಂದು ನೋಡಿದ್ದು ಈ ನಕಾಶಿ. ಯಾವುದನ್ನ ಹಿಡೀಬೇಕು, ನೀವ ಹೇಳ್ರಿ."

ಹೊಲದಲ್ಲೇ ಅವರು ಬರೆದುಕೊಟ್ಟ ಹಾಳೆ ಎಲ್ಲಿ ಎಂದು ಕೇಳಿದೆ. ಅಂಥದ್ದು ಫೈಲಿನಲ್ಲಿಲ್ಲ ಎಂದ. ಈಗ ಹಿಂಗಾರು ಬಿತ್ತಿದ್ದಾರೆ, ಬಂದು ನೋಡಿ ಎಂದೆ. ಅವನು ಕೈ ಮುಗಿದುಬಿಟ್ಟ.

"ನಾನೂ ಅವರ ಕೈಯಾಗ ಕಲತಾಂವ್ರಿ. ಎಂಥಾ ಕಟ್ಟುನಿಟ್ಟು ಹೆಣಮಗಳು! ಅವರು ನೋಡಿ ಹೋದ ನೆಲಾನ ನಾ ಮತ್ತ ನೋಡ್ಲಿಕ್ಕೆ ಹೋದ್ರ ಅವರಿಗೆ ಅವಮಾನ ಮಾಡಿದಂಗ ಆಗತದ."

ಅವನ ದನಿಯಲ್ಲಿ ನಿಜವಾದ ಗೌರವವಿತ್ತು. ಅದೇ ನನಗೆ ತಡೆಯಲಾಗಲಿಲ್ಲ. ಎದ್ದು ಏನೇನೋ ಕೂಗಾಡಿದೆ. ಜವಾನ ನನ್ನನ್ನು ಹೊರಗೆ ಕಳಿಸಿದ. ತಕರಾರು ವಜಾ ಆಯಿತು.

ಬಸ್‌ಸ್ಟ್ಯಾಂಡಿಗೆ ನಡೆದು ಬಂದೆವು. ಅಲ್ಲಿ ಕಾಕಾ ನನ್ನನ್ನು ಬದಿಗೆ ಕರೆದ.

"ಖರೇ ಹೇಳೋ. ನಿಮ್ಮ ಮೇಡಮ್ಮಾರು ಅವತ್ತ ನಮ್ಮ ಮುಂದ ಬೈದಂಗ ಮಾಡಿ, ಹಿಂದಿನಿಂದ ಆ ಏಜೆನ್ಸಿಯವರಿಗೆ ತಮ್ಮ ಹೆಸರು ಕೊಟ್ಟಾರೇನು?"

ಇಲ್ಲ ಎಂದೆ. ಅವ್ವನ ಆಣೆ ಇಟ್ಟು ಇಲ್ಲ ಎಂದೆ. ನಡೆದದ್ದನ್ನೆಲ್ಲ ಮೊದಲಿಂದ ಬಿಡಿಸಿ ಹೇಳಿದೆ. ಕಾಕಾ ನೆಲ ನೋಡುತ್ತ ಕೇಳಿಸಿಕೊಂಡ. "ಆತು ಬಿಡು. ಸತ್ತವರ ಸುದ್ದಿ ಯಾಕ," ಎಂದ. ಸಿರಸಂಗಿಯ ಬಸ್ಸು ಬಂದಾಗ ನಾನು ಮೊದಲು ಹತ್ತಿ ಅವನಿಗೂ ಜಾಗ ಹಿಡಿದೆ. ಅವನು ನನ್ನ ಪಕ್ಕದ ಖಾಲಿ ಸೀಟನ್ನು ದಾಟಿಕೊಂಡು ಮುಂದೆ ಹೋಗಿ, ಡ್ರೈವರನ ಹಿಂದೆ ಕಂಬ ಹಿಡಿದು, ಊರು ಬರುವವರೆಗೂ ನಿಂತೇ ಇದ್ದ.