ಕಿರುಬೆರಳಿನ ಅಳತೆಗೆ ಡಬಲ್ ಬಾಸ್

ಬೆಳಗ್ಗೆ ಆರೂವರೆ. ಪಾಣೆಮಂಗಳೂರು ಪೇಟೆಯ ಹಿಂದಿನ ಶೆಡ್ಡಿನಲ್ಲಿ ಶೀನಪ್ಪ ಆಚಾರಿ ಡಬಲ್ ಬಾಸ್‌ನ ತಂತಿಗಳನ್ನು ಒಣ ಬಟ್ಟೆಯಲ್ಲಿ ಒಂದೊಂದಾಗಿ ಒರೆಸುತ್ತಿದ್ದಾರೆ. ಪಿಟೀಲಿನ ಆಕಾರದ, ಆಳಿಗಿಂತ ಎತ್ತರದ ವಾದ್ಯ ಅದು. ಕಮಾನಿನಿಂದ ತಂತಿಗೆ ಹತ್ತಿದ ರಾಳದ ಬಿಳಿ ಪುಡಿಯನ್ನು ಹೊರಗೆ ಕೊಡವಿ ಬಂದು ಮತ್ತೆ ಒರೆಸುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಬಾಗಿಲ ಬಳಿ ಕೂತಿದ್ದೇನೆ.

ಅರುವತ್ತೊಂದರ ಶೀನಪ್ಪ ಮೊದಲು ಬಾಗಿಲು, ಕಿಟಕಿ ಮಾಡುತ್ತಿದ್ದವರು. ಇಪ್ಪತ್ತೆರಡು ವರ್ಷದ ಹಿಂದೆ ಮೂಡುಬಿದಿರೆಯ ಚರ್ಚೊಂದರ ಗಾಯನ ತಂಡ ಕತ್ತು ಮುರಿದ ಬಾಸ್ ತಂದು ಮುಂದಿಟ್ಟಿತು. ಬೇರೆ ಯಾರೂ ಮುಟ್ಟಲು ಒಪ್ಪಿರಲಿಲ್ಲ. ಈಗ ತಿಂಗಳಿಗೆ ಎರಡೋ ಮೂರೋ ವಾದ್ಯಗಳ ರಿಪೇರಿ. ಗೋವಾ, ಮುಂಬೈಯ ಹೋಟೆಲ್ ಬ್ಯಾಂಡುಗಳು ಬಿಟ್ಟ ಬಾಸ್‌ಗಳನ್ನು ತರಿಸಿ, ಸರಿಮಾಡಿ, ತಕ್ಕ ಕೈಗೆ ದಾಟಿಸುತ್ತಾರೆ. ಇದುವರೆಗೆ ಮೂವತ್ತೊಂದು. ಒಬ್ಬರೇ ಎತ್ತಿ ಎತ್ತಿ ಸೊಂಟ ಹೋಗಿದೆ.

ಮೂವತ್ತೊಂದರಲ್ಲಿ ಒಂದು ತಪ್ಪಿದೆ. ಪುಂಜಾಲಕಟ್ಟೆಯ ಪ್ರಫುಲ್ಲಾ ಟೀಚರಿಗೆ ಕೊಟ್ಟದ್ದು. "ದೊಡ್ಡದೇ ಒಳ್ಳೆದು ಅಂತ ನಾನೇ ಹೇಳಿದ್ದು. ಎಂಟು ತಿಂಗಳಲ್ಲಿ ಬಿಟ್ರು. ಅವರಿಗೆ ಸಂಗೀತ ಬರುದಿಲ್ಲ ಅಂತ ಊರಲ್ಲಿ ಹೇಳಿದ್ರು. ಸಂಗೀತ ಬರ್ತಿತ್ತು. ಬೆರಳು ಮುಟ್ತಿರ್ಲಿಲ್ಲ."

ಒಂಬತ್ತಕ್ಕೆ ಮುಂಡಾಜೆಯಿಂದ ರಂಜಿತ್ ಪಿಕಪ್‌ನಲ್ಲಿ ಬರುತ್ತಾರೆ. ಜೊತೆಗೆ ಮಗಳು ಸುರಕ್ಷಾ, ಹದಿನೇಳು ವರ್ಷ. ಕಾಲೇಜಿನ ಬಾಸ್‌ನಲ್ಲಿ ಕಲಿತವಳಿಗೆ ಮನೆಯಲ್ಲೊಂದು ಬೇಕು. ಇವತ್ತು ಒಯ್ದದ್ದೇ ಕೊನೆ, ಬದಲಾಯಿಸುವ ಮಾತಿಲ್ಲ ಎಂದು ಅಪ್ಪ ದಾರಿಯಲ್ಲೇ ಹೇಳಿದ್ದಾರಂತೆ.

ಶೆಡ್ಡಿನಲ್ಲಿರುವುದು ಎರಡು. ಒಂದು ಪೂರ್ಣ ಅಳತೆಯದು, ಇನ್ನೊಂದು ಮುಕ್ಕಾಲು. ರಂಜಿತ್ ನೇರ ದೊಡ್ಡದರ ಹತ್ತಿರ ಹೋಗುತ್ತಾರೆ.

"ಮುಕ್ಕಾಲು ಮಕ್ಕಳಿಗಲ್ವಾ ಶೀನಣ್ಣ? ಇವಳು ಮನೆಯಲ್ಲಿ ನನ್ನಷ್ಟೇ ಉಣ್ತಾಳೆ."

"ಹೆಸರು ಮಾತ್ರ ಮುಕ್ಕಾಲು. ದೊಡ್ಡವರು ಹೆಚ್ಚು ನುಡಿಸುದು ಇದನ್ನೇ."

"ಅದ್ರಲ್ಲಿ ಬಿರುಕು ಉಂಟಲ್ಲ ಮಾರಾಯ್ರೆ."

"ಬಿರುಕು ನಾನು ಮುಚ್ಚಿದ್ದೇನೆ. ಎತ್ತರ ಹೆಚ್ಚುಕಮ್ಮಿ ಆದ್ರೆ ಅಡಿಯ ಸರಳು ಎಳೆದು ಸರಿ ಮಾಡುವ. ದೊಡ್ಡದ್ರ ತಂತಿಯ ಉದ್ದ ಕಮ್ಮಿ ಮಾಡ್ಲಿಕ್ಕೆ ನನ್ನಿಂದಾಗುದಿಲ್ಲ."

ಟೇಪು ಹಿಡಿದು ತೋರಿಸುತ್ತಾರೆ. ದೊಡ್ಡದರ ತಂತಿ ನಲವತ್ತನಾಲ್ಕು ಇಂಚು, ಮುಕ್ಕಾಲಿನದು ನಲವತ್ತೊಂದೂವರೆ. ಎರಡೂವರೆ ಇಂಚಿಗೆ ಇಷ್ಟೆಲ್ಲ ಮಾತಾ ಎಂದು ರಂಜಿತ್ ನಗುತ್ತಾರೆ.

"ನಿಲ್ಲು ಮಗಾ," ಎಂದು ಶೀನಪ್ಪ ಸುರಕ್ಷಾಳನ್ನು ದೊಡ್ಡದರ ಹಿಂದೆ ನಿಲ್ಲಿಸುತ್ತಾರೆ. ತೋರುಬೆರಳಿನ ಸ್ವರ ಸರಿಯಾಗಿ ಬರುತ್ತದೆ. ಮುಂದಿನ ಸ್ವರಕ್ಕೆ ಕಿರುಬೆರಳು ಚಾಚಿದರೆ ಕಾಲು ಇಂಚು ಸಾಲುವುದಿಲ್ಲ; ಇಡೀ ಅಂಗೈ ಜಾರಿ ಸ್ವರ ತಗ್ಗುತ್ತದೆ. ಮುಕ್ಕಾಲಿನಲ್ಲಿ ಅದೇ ಎರಡು ಸ್ವರ ಕೈ ಅಲುಗದೆ ಬರುತ್ತವೆ. ಸುರಕ್ಷಾ ಇನ್ನೊಮ್ಮೆ ನುಡಿಸುತ್ತಾಳೆ. ಯಾರೂ ಹೇಳಿರಲಿಲ್ಲ.

"ಅಭ್ಯಾಸ ಮಾಡಿದ್ರೆ ಅದ್ರಲ್ಲೂ ಬರ್ತದೆ," ಎನ್ನುತ್ತಾರೆ ರಂಜಿತ್. "ಸ್ಟೇಜಿಗೆ ದೊಡ್ಡದೇ ಚಂದ."

ಸುರಕ್ಷಾ ತಲೆ ತಗ್ಗಿಸಿ ಎಡಗೈಯ ಬೆರಳುಗಳನ್ನು ಒತ್ತಿಕೊಳ್ಳುತ್ತಾಳೆ. ಶೀನಪ್ಪ ಎರಡು ಬಾಸ್‌ಗಳನ್ನೂ ಗೋಡೆಗೆ ಒರಗಿಸುತ್ತಾರೆ. ರಂಜಿತ್ ಕೈ ದೊಡ್ಡದರ ಕತ್ತಿನ ಮೇಲೆಯೇ ಇದೆ.

"ಯಾವುದನ್ನಾದ್ರೂ ಕೊಂಡುಹೋಗಿ," ಎನ್ನುತ್ತಾರೆ ಶೀನಪ್ಪ. "ಆದ್ರೆ ಕೈ ನೋಯ್ತದೆ ಅಂತ ಅವಳು ಹೇಳಿದ್ರೆ, ಅವಳಿಗೆ ಉದಾಸೀನ ಅಂತ ಹೇಳ್ಬೇಡಿ."