ಕೈಯಿಂದ ಕೈಗೆ ಹೋದ ಟ್ಯಾಬ್

ಇಂಡಿ ಊರಿನ ಮಲಕಾಜಪ್ಪನದು ಗಂಡು-ಹೆಣ್ಣು ಜೋಡಿಸುವ ಕಾಯಕ. ಸಿಂದಗಿ, ಮುದ್ದೇಬಿಹಾಳ ಎಂದು ಬಸ್ಸಿನಲ್ಲಿ ತಿರುಗಿ ತಿರುಗಿ ಚೀಲದಲ್ಲಿದ್ದ ಕನ್ಯೆಯರ ಫೋಟೋಗಳು ಮುದುಡಿಹೋಗಿದ್ದವು. ಅವನ್ನು ಲ್ಯಾಪ್‌ಟಾಪಿಗೆ ಹಾಕಿಸುವುದೋ ಟ್ಯಾಬಿಗೋ? ಕೊಳ್ಳುವ ಮೊದಲು ನೋಡೋಣವೆಂದು ಶಿಕ್ಷಕಿಯಾದ ಸೊಸೆ ಸುಮಂಗಲಾಳ ಟ್ಯಾಬಿಗೆ ಎಲ್ಲ ಫೋಟೋ ಹಾಕಿಸಿಕೊಂಡು ಹೂವಿನ ಹಿಪ್ಪರಗಿಯ ಗಂಡಿನ ಮನೆಗೆ ಹೋದ. ತೋರಿಸಬೇಕಾಗಿದ್ದದ್ದು ಸಾಲೋಟಗಿಯ ಭಾಗ್ಯಜ್ಯೋತಿಯ ಫೋಟೋ ಒಂದನ್ನೇ. "ನಮ್ಮ ಹುಡುಗಿ ಮಾನ ನಿಮ್ಮ ಕೈಯಾಗ ಐತ್ರಿ" ಎಂದು ಅವಳಪ್ಪ ನಂಬಿ ಕೊಟ್ಟಿದ್ದ.

ಎಲೆಯಡಿಕೆ ತಾಟು ನೀಡುವ ರೂಢಿಯಲ್ಲೇ ಮಲಕಾಜಪ್ಪ ಟ್ಯಾಬನ್ನು ಮನೆಯ ಹಿರಿಯನ ಕೈಗೆ ಕೊಟ್ಟುಬಿಟ್ಟ. ಅದು ತಾಟಿನಂತೆಯೇ ಪಡಸಾಲೆಯೆಲ್ಲ ತಿರುಗಿತು. ಭಜಿ ತಿಂದ ಹೆಬ್ಬೆರಳೊಂದು ಭಾಗ್ಯಜ್ಯೋತಿಯ ಮುಖದ ಮೇಲೆ ಜಾರಿ, ಬೇರೆ ಮನೆಗಳ ಹೆಣ್ಣುಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಸರಿಸತೊಡಗಿತು.

"ಇಕಿ ಕಪ್ಪ ಅದಾಳ, ಮುಂದ ಸರಸೋ."

"ಇಕಿ ಮೂಗ ನೋಡಪಾ, ಉಳ್ಳಾಗಡ್ಡಿ!"

ಸಂತೆಯಲ್ಲಿ ಹುಳುಕು ಬದನೆಕಾಯನ್ನೂ ಜನ ಒಮ್ಮೆ ತಿರುವಿ ನೋಡಿ ಬಿಸಾಡುತ್ತಾರೆ. ಇವರಿಗೆ ಅಷ್ಟೂ ವ್ಯವಧಾನವಿರಲಿಲ್ಲ. ಮಲಕಾಜಪ್ಪ ಟ್ಯಾಬ್ ಕಸಿದುಕೊಂಡು, ಧೋತರದ ಚುಂಗಿನಿಂದ ಜಿಡ್ಡು ಒರೆಸಿದ.

"ಯಾಕ್ರಿ ಯಜಮಾನ್ರ, ಇನ್ನಾ ಭಾಳ ಮಂದಿ ಅದಾರಲ್ರಿ ಒಳಗ!"

"ಅದಾರ. ನಿಮ್ಮ ಮನಿಗಿ ಬರೂಹಂಗ ಒಬ್ಬಾಕಿನೂ ಇಲ್ಲ."

ಚಹಾ ಮುಟ್ಟದೆ ಎದ್ದು ಬಂದ. ಮರುದಿನ ಲ್ಯಾಪ್‌ಟಾಪನ್ನೇ ಕೊಂಡ.

"ಮಾವಾರ, ಬಸ್ಸಿನ್ಯಾಗ ಭಾರ ಆಗತೈತ್ರಿ," ಎಂದಳು ಸುಮಂಗಲಾ.

"ಆಗಲೇಳವ್ವಾ. ಇದು ನನ್ನ ತೊಡಿ ಮ್ಯಾಲೇ ಇರತೈತಿ, ಗುಂಡಿ ಒತ್ತಾಂವ ನಾನೇ. ಆ ಹೊಲಸ ಬೆರಳಿಗಿಂತ ಈ ಭಾರ ಹಗುರ."